ಚೆನ್ನಾಗಿ ಕುಲುಕಿ

ಬಳ್ಳಾರಿ, ೨೪೧೭ನೇ ಇಸವಿ, ಧೂಳುಗಾಲದ ಮೂರನೆಯ ಕೆಂಪು ಗುರುವಾರ

ನಮಗಿಂತ ಮೊದಲು ಉಸಿರಾಡಿದವರಿಗೆ,

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಮಾತು ನನಗೂ ಹಾಗೇ ಕೇಳಿಸುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಗಾದಿಲಿಂಗಪ್ಪ, ಊರಿನ ಮದ್ದಿನಮನೆಯಲ್ಲಿ ಉಸಿರುಡಬ್ಬಿ ತುಂಬುವವನು. ನೀವು ಅದನ್ನು ಇನ್‌ಹೇಲರ್ ಎನ್ನುತ್ತಿದ್ದಿರಂತೆ. ನನ್ನ ಮಗಳು ಹುಲಿಗೆಮ್ಮನಿಗೆ ಒಂಬತ್ತು ವರ್ಷ. ಅವಳಿಗೆ ಆಸ್ತಮಾ.

ಡಬ್ಬಿಯೊಳಗೆ ಮದ್ದಿನ ಪುಡಿ, ಅದು ಕರಗಲು ಸ್ಪಿರಿಟ್, ಎರಡನ್ನೂ ಹೊರಗೆ ತಳ್ಳಲು ದೂಡುಗಾಳಿ ಇರುತ್ತದೆ. ನಿಮ್ಮ ಕಾಲದ ದೂಡುಗಾಳಿ ನಮಗೆ ಸಿಗುವುದಿಲ್ಲ. ನಮ್ಮದು ಮಹಾ ಸೋಮಾರಿ. ಸ್ಪಿರಿಟ್ ಹೆಚ್ಚಿಸಿದರೆ ಮದ್ದೇನೋ ಪೂರ್ತಿ ಕರಗುತ್ತದೆ, ಆದರೆ ದೂಡುವ ಬಲ ಇನ್ನೂ ಕುಗ್ಗಿ ಹನಿಗಳು ದಪ್ಪಗಾಗುತ್ತವೆ, ಎದೆಗಿಳಿಯುವ ಮೊದಲು ಆರುವುದೇ ಇಲ್ಲ. "ಅಪ್ಪಾ, ಗಂಟ್ಲಾಗ ಕುಂತುಬಿಡ್ತೈತಿ, ಒಳಗ ಹೋಗವಲ್ದು" ಎನ್ನುತ್ತಾಳೆ ಹುಲಿಗೆಮ್ಮ. ಸರಿ, ಸ್ಪಿರಿಟ್ ಬಿಟ್ಟೆ. ಹೊರಬರುವ ಮಂಜು ನಯವಾಯಿತು, ಪುಡಿ ಕರಗದೆ ಉಳಿಯಿತು. ಈಗ ಒಮ್ಮೆ ಒತ್ತಿದರೆ ಬರೀ ಗಾಳಿ, ಇನ್ನೊಮ್ಮೆ ಕೈ ನಡುಗುವಷ್ಟು ಮದ್ದು.

ನಿಮ್ಮ ಹಳೆಯ ಡಬ್ಬಿಯೊಂದು ನಮ್ಮಲ್ಲಿದೆ. ಅದರ ಮೇಲೆ 'ಬಳಸುವ ಮುನ್ನ ಚೆನ್ನಾಗಿ ಕುಲುಕಿ' ಎಂದಿದೆ. ಯಾರನ್ನು ಎಂದಿಲ್ಲ. ರೋಗಿಯನ್ನು ಎಂದು ನಮ್ಮ ಹಿರಿಯರು ತಿಳಿದರು. ತಲೆಮಾರುಗಳಿಂದ ನಾವು ಉಬ್ಬಸದವರ ಭುಜ ಹಿಡಿದು ಕುಲುಕಿಯೇ ಮದ್ದು ಕೊಡುವುದು. ಬೀಗರಾದರೆ ಮರ್ಯಾದೆಯಿಂದ ಕೇಳಿ ಕುಲುಕುತ್ತೇವೆ.

ಮೊನ್ನೆ ಹುಲಿಗೆಮ್ಮ ಡಬ್ಬಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು. ಅವಳ ಭುಜ ಹಿಡಿದು ಕುಲುಕಿದೆ, ಮದ್ದು ಸರಿಯಾಗಿ ಬಂತು, ಉಸಿರು ಹಗುರಾಯಿತು. ನಿನ್ನೆ ಡಬ್ಬಿ ಗೂಡಿನಲ್ಲಿತ್ತು. ಅವಳನ್ನು ಅಷ್ಟೇ ಕುಲುಕಿ, ಡಬ್ಬಿ ತಂದು ಒತ್ತಿದೆ, ಬರೀ ಗಾಳಿ. ತುಟಿ ನೀಲಿಯಾಯಿತು. ಇನ್ನಷ್ಟು ಜೋರಾಗಿ ಕುಲುಕಿದೆ. ಆಮೇಲೆ ಹೇಗೋ ಒಂದಿಷ್ಟು ಮದ್ದು ಸಿಕ್ಕಿತು. ಕುಲುಕಿದ್ದು ಸಾಲಲಿಲ್ಲವೇ? ಮುಷ್ಟಿ ಬಿಗಿಹಿಡಿಯಬೇಕಿತ್ತೇ? ಕೇಳಿದರೆ ಹಿರಿಯರು ಭುಜ ಬಿಟ್ಟು ಸೊಂಟ ಹಿಡಿ ಎನ್ನುತ್ತಾರೆ. ತಲೆ ಕೆಟ್ಟುಹೋಗಿದೆ. ಭಯವಾಗುತ್ತಿದೆ.

ಕೈಮುಗಿದು ಕೇಳುತ್ತೇನೆ. ಅಂಥ ಡಬ್ಬಿ ನಿಮ್ಮ ಕೈಯಲ್ಲಿದ್ದರೆ ಆ ಸಾಲಿನಲ್ಲಿ ಇನ್ನೊಂದೇ ಪದ ಸೇರಿಸಿಬಿಡಿ: ಯಾರನ್ನು, ಇಲ್ಲವೇ ಏನನ್ನು ಕುಲುಕಬೇಕು. ಬೇಗ ಸೇರಿಸಿ. ಅವಳಿಗೆ ಈಗ ಮತ್ತೆ ಏದುಸಿರು. ನಾನು ಬರೆಯುವುದನ್ನು ನಿಲ್ಲಿಸಲೆಂದು, ತಾನೇ ಭುಜ ಮುಂದೆ ಮಾಡಿಕೊಂಡು ನನ್ನೆದುರು ನಿಂತಿದ್ದಾಳೆ.