ನನ್ನ ಎತ್ತರಕ್ಕೆ ಇಳಿಸಿಟ್ಟ ಹಲಗೆ

ಮನೆ,
ಭಾನುವಾರ, ಮಧ್ಯಾಹ್ನದ ಊಟದ ನಂತರ

ಪ್ರೀತಿಯ ಅಕ್ಕಾ,

'ಪ್ರೀತಿಯ' ಅಂತ ಕೈ ತಾನಾಗಿ ಬರೆದುಬಿಟ್ಟಿತು. ಅಳಿಸಲು ಮನಸ್ಸಾಗಲಿಲ್ಲ, ಇರಲಿ. ಹೇಗಿದ್ದೀಯ? ಬಲಗೈಯ ಮಣಿಕಟ್ಟು ಹೇಗಿದೆ? ಮೊದಲು ಅದನ್ನೇ ಕೇಳಬೇಕಲ್ಲ, ಒಂದು ವರ್ಷದಿಂದ ಈ ಮನೆಯಲ್ಲಿ ಎಲ್ಲರೂ ವಿಚಾರಿಸಿದ್ದು ಅದೊಂದನ್ನೇ. ಅಮ್ಮ ಗಟ್ಟಿಯಾಗಿದ್ದಾಳೆ. ಅಪ್ಪನ ಕೆಮ್ಮು ಹಾಗೇ ಇದೆ. ಮರದ ಹುಡಿ ಮೂಗಿಗೆ ಹೋಗದೆ ಬಡಗಿಯ ಹೊಟ್ಟೆಗೆ ಅನ್ನ ಹೋಗುತ್ತದೆಯೇ ಅನ್ನುವುದು ಅವನ ವಾದ. ಕೆಳಮನೆಯ ಮೇಷ್ಟ್ರು ಈಗಲೂ ನಾನು ಅಭ್ಯಾಸಕ್ಕೆ ನಿಂತರೆ ಪೊರಕೆ ಹಿಡಿಯಿಂದ ತಮ್ಮ ಚಾವಣಿ ಕುಟ್ಟುತ್ತಾರೆ.

ಬದನೆಕಾಯಿಯೂ ಚೆನ್ನಾಗಿದೆ. ನಮ್ಮ ಸ್ಪೀಡ್ ಬ್ಯಾಗಿಗೆ, ಆ ಗುದ್ದುವ ಗಾಳಿಚೀಲಕ್ಕೆ, ಅಪ್ಪ ಆ ಹೆಸರಿಟ್ಟ ದಿನ ನೆನಪಿದೆಯಾ? 'ಬಾಕ್ಸಿಂಗ್ ಕಲೀತೀವಿ ಅಂತ ಕುಣಿದಾಡಿದ್ದು ಈ ಬದನೆಕಾಯಿ ಗುದ್ದೋಕಾ?' ಅಂತ ನಕ್ಕಿದ್ದ. ಮೊದಲು ಅಡುಗೆಮನೆಯ ಪಕ್ಕದ ಗೋಡೆಗೆ ಅಡ್ಡ ಹಲಗೆ ಬಡಿದು ಅದರಡಿಗೆ ತೂಗುಹಾಕಿದೆವು. ನೀನು ಕೊಟ್ಟ ಮೊದಲ ನಾಲ್ಕು ಏಟಿಗೆ ಅಮ್ಮನ ಪಾತ್ರೆಗಳೆಲ್ಲ ಕುಣಿದು ನೆಲಕ್ಕೆ ಬಂದವು. ಆಮೇಲೆ ಬಟ್ಟೆ ಒಗೆಯುವ ಕೋಣೆಯ ತೊಲೆಗೆ ಹೋಯಿತು. ತೊಲೆಗೂ ಹಲಗೆಯ ಚೌಕಟ್ಟಿಗೂ ನಡುವೆ ಹಳೆ ಟಯರಿನ ತುಂಡು ಕೊಟ್ಟ ಮೇಲೇ ಅದರ ಗಡಗಡ ನಿಂತದ್ದು. ಗಾಳಿ ತುಂಬುವ ಮೊದಲು ಸೂಜಿಯನ್ನು ಒದ್ದೆ ಮಾಡಬೇಕು, ಹೆಬ್ಬೆರಳಿನಿಂದ ಒತ್ತಿದರೆ ಚೂರು ತಗ್ಗಬೇಕು, ಅದು ತೂಗುವ ತಿರುಗಣೆಗೆ ಹೊಲಿಗೆ ಯಂತ್ರದ ಎಣ್ಣೆ, ವಾರಕ್ಕೊಮ್ಮೆ ನಟ್ಟು ಬಿಗಿ. ಇದೆಲ್ಲ ನೀನೇ ಕಲಿಸಿದ್ದು, ಈಗಲೂ ತಪ್ಪದೆ ಮಾಡುತ್ತೇನೆ. ಏಟಿಗೂ ಏಟಿಗೂ ನಡುವೆ ಅದು ಮೂರು ಸಲ ಹಲಗೆಗೆ ಬಡಿಯುತ್ತದೆ ಅಂತ ತೋರಿಸಿ, 'ಹೋಯ್ತು, ಬಂತು, ಹೋಯ್ತು' ಅಂತ ಬಾಯಿಪಾಠ ಮಾಡಿಸಿದವಳೂ ನೀನೇ. 'ಹೋಗೋದನ್ನ ಅಟ್ಟಿಸ್ಕೊಂಡು ಹೊಡೀಬೇಡ ಗುಬ್ಬಿ, ಬರೋವರೆಗೂ ಕಾಯಿ' ಅನ್ನುತ್ತಿದ್ದೆ.

ಬದನೆಕಾಯಿಯ ಹೊಟ್ಟೆ ಹೊಡೆಯುವವರ ಗದ್ದಕ್ಕೆ ಸರಿಯಾಗಿ ಬರಬೇಕು. ನೀನು ಉದ್ದ, ನಾನು ಗಿಡ್ಡ. ಹಾಗಾಗಿ ಅಪ್ಪ ಚೌಕಟ್ಟಿನಲ್ಲಿ ಮೇಲೊಂದು ಕೆಳಗೊಂದು ತೂತು ಕೊರೆದು ಗೂಟ ಸಿಕ್ಕಿಸುವ ಏರ್ಪಾಡು ಮಾಡಿದ. ಗೂಟ ಮೇಲಿದ್ದರೆ ಹಲಗೆ ನಿನ್ನ ಎತ್ತರಕ್ಕೆ, ಕೆಳಗಿದ್ದರೆ ನನ್ನ ಎತ್ತರಕ್ಕೆ. ಅದಕ್ಕೂ ನಾವು ಕಿತ್ತಾಡಿದಾಗ ಅಮ್ಮ ತೀರ್ಪು ಕೊಟ್ಟಳು: 'ಮುಗಿಸಿದವಳು ಇನ್ನೊಬ್ಬಳ ಎತ್ತರಕ್ಕೆ ಇಟ್ಟು ಬರ್ಬೇಕು. ಇಲ್ದಿದ್ರೆ ಇಬ್ರಿಗೂ ಇಲ್ಲ.' ನೀನು ಊರು ಬಿಟ್ಟ ಮೇಲೂ ನಾನು ದಿನಾ ಅಭ್ಯಾಸ ಮುಗಿಸಿ ಗೂಟವನ್ನು ಮೇಲಕ್ಕೇ ಹಾಕಿ ಬರುತ್ತಿದ್ದೆ. ಹುಚ್ಚು ಅನ್ನು, ಆ ಹಲಗೆ ಮೇಲಿದ್ದರೆ ನೀನು ಇನ್ನೂ ಮನೆಯಲ್ಲೇ ಇದ್ದೀಯ ಅನ್ನಿಸುತ್ತಿತ್ತು.

ಮಣಿಕಟ್ಟು ಇನ್ನು ಸರಿಹೋಗುವುದಿಲ್ಲ, ಬಾಕ್ಸಿಂಗ್ ಮುಗಿಯಿತು ಅಂತ ಅತ್ತು ಹೋದವಳು ನೀನು. ಅಕ್ಕತಂಗಿ ಎಂದೂ ಎದುರಾಬದುರು ನಿಲ್ಲಬಾರದು ಅಂತ ನಮ್ಮ ಮಾತಾಗಿತ್ತಲ್ಲ, ಅದಕ್ಕೇ ನಾನು ಅರೆಹೊಟ್ಟೆಯಲ್ಲಿದ್ದುಕೊಂಡು ನಿನಗಿಂತ ಕೆಳಗಿನ ತೂಕದ ವರ್ಗದಲ್ಲಿ ಆಡುತ್ತಿದ್ದೆ. 'ನನ್ನ ಜಾಗ ಇನ್ಮೇಲೆ ನಿಂದು, ಹೊಟ್ಟೆ ತುಂಬಾ ಉಣ್ಣು' ಅಂದೆ ನೀನು. ನಾನು ಉಂಡೆ, ನಿನ್ನ ತೂಕಕ್ಕೆ ಬಂದೆ. ನೀನು ಕಾಗದದ ಮೇಲೆ ಕಾಗದ ಬರೆದು ನನ್ನ ಆಟದ ಹುಳುಕು ಕೇಳಿದೆ. ಅಕ್ಕನಲ್ಲವೇ ಅಂತ ನಾನು ಮುಚ್ಚುಮರೆ ಇಲ್ಲದೆ ಹೇಳಿಕೊಂಡೆ. ಸುಸ್ತಾದರೆ ನನ್ನ ಎಡಗೈ ಗದ್ದದಿಂದ ಕೆಳಗಿಳಿಯುತ್ತದೆ ಅಂತ ಕೋಚ್‌ಗಿಂತ ಮೊದಲು ನಿನಗೆ ಬರೆದವಳು ನಾನು.

ಹೋದ ತಿಂಗಳು ಬಂದೆಯಲ್ಲ, ಒಂದು ಚೊಂಬು ನೀರೆತ್ತಲೂ ಆಗದೆ ಮುಖ ಕಿವುಚಿದೆ. ಅಮ್ಮ ತುತ್ತು ಮಾಡಿ ತಿನ್ನಿಸಿದಳು, ನೀನು ಮಗುವಿನ ಹಾಗೆ ಬಾಯಿ ತೆರೆದೆ. ಕೈನೋವು ಅಂತ ನೀನೊಬ್ಬಳೇ ಮನೆಯಲ್ಲುಳಿದೆ, ನಾವು ಅತ್ತೆಯನ್ನು ನೋಡಲು ಹೋದೆವು. ನಿನ್ನನ್ನು ಬಸ್ಸು ಹತ್ತಿಸಿ ಬಂದು ಅಭ್ಯಾಸಕ್ಕೆ ನಿಂತರೆ, ಬದನೆಕಾಯಿ ಸರಿಯಾಗಿ ನನ್ನ ಗದ್ದದ ಮುಂದೆ! ನಾನು ಮೇಲೆ ಹಾಕಿಟ್ಟಿದ್ದ ಗೂಟ ಕೆಳಗಿತ್ತು. ಮುಗಿಸಿದವಳು ನನ್ನ ಎತ್ತರಕ್ಕೆ ಇಟ್ಟು ಹೋಗಿದ್ದಳು. ಅಷ್ಟೆಲ್ಲ ನಾಟಕ ಆಡಿದವಳಿಗೆ ಅಮ್ಮ ಕಲಿಸಿದ ಅದೊಂದು ಮರ್ಯಾದೆ ಮರೆಯಲು ಆಗಲಿಲ್ಲವಲ್ಲೇ ಅಕ್ಕಾ! ಕೆಳಗೆ ಸಿಕ್ಕ ಮೇಷ್ಟ್ರೂ, 'ನೀವು ನಿಮ್ಮತ್ತೇನ ನೋಡೋಕೆ ಹೋದ ದಿನ ಮೇಲೆ ಯಾರೂ ಇರಲ್ಲ, ಒಂದು ನಿದ್ದೆ ತೆಗೀಬಹುದು ಅಂದ್ಕೊಂಡಿದ್ದೆ, ಎಲ್ಲಿ ಬಿಟ್ರಿ? ಅವತ್ತೂ ಅದೇ ದಬದಬ!' ಅಂತ ಗೊಣಗಿದರು.

ಆದರೂ ನಿನ್ನ ಪರವಾಗಿ ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಆಸೆಯಾಗಿ ಎಡಗೈಯಲ್ಲಿ ನಾಲ್ಕು ಏಟು ಹೊಡೆದಿರಬಹುದು ಅಂದುಕೊಂಡೆ. ನಿನ್ನೆ ಕೋಚ್ ಕರೆದು, 'ಪಕ್ಕದೂರಿನ ಕ್ಲಬ್ಬಿಂದ ಈ ಸಲದ ಟೂರ್ನಿಗೆ ನಿನ್ನ ತೂಕಕ್ಕೆ ಬರ್ತಿರೋದು ನಿಮ್ಮಕ್ಕನೇ ಕಣಮ್ಮ, ಗೊತ್ತಿರ್ಲಿಲ್ವಾ?' ಅಂದರು. ಮೊದಲ ಪಂದ್ಯವೇ ನಮ್ಮಿಬ್ಬರದಂತೆ. ಗೊತ್ತಿತ್ತು ಅಂದುಬಿಟ್ಟೆ. ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು. ಇದೇ ತೂಕದಲ್ಲಿ ಆಡಬೇಕು ಅಂತ ನೇರವಾಗಿ ಕೇಳಿದ್ದರೆ ನಾನು ಇನ್ನೂ ನಾಲ್ಕು ವರ್ಷ ಅರೆಹೊಟ್ಟೆಯಲ್ಲಿರುತ್ತಿದ್ದೆ. ನನ್ನ ಜೊತೆ ಹೊಡೆದಾಡಲು ಬರುತ್ತೀಯ ಅಂತಲ್ಲ ನನ್ನ ಸಂಕಟ. ನನ್ನ ಬಾಯಿಂದಲೇ ಎಲ್ಲ ಕೇಳಿಕೊಂಡು ಹೋದೆಯಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಪಕ್ಕದಲ್ಲೇ ಕೂತು ನಿನ್ನ ಮಣಿಕಟ್ಟಿಗೆ ಉಣ್ಣೆಯ ಪಟ್ಟಿ ಹೆಣೆಯುತ್ತಿದ್ದಾಳೆ, 'ಅವಳಿಗೆ ನನ್ನ ಆಶೀರ್ವಾದ ಬರಿ' ಅನ್ನುತ್ತಿದ್ದಾಳೆ. ಬರೆದಿದ್ದೇನೆ. ಅಪ್ಪನದೂ ಸೇರಿಸಿಕೋ.

ಇಂತಿ,
ನಿನ್ನ ತಂಗಿ
(ಗುಬ್ಬಿ ಅಂತ ಇನ್ನು ಕರೆಯಬೇಡ)

ಮರೆತಿದ್ದೆ: ನಿನ್ನೆಯಿಂದ ಗೂಟವನ್ನು ಕೆಳಗೇ ಬಿಟ್ಟಿದ್ದೇನೆ. ಎಡಗೈ ಈಗಲೂ ಇಳಿಯುತ್ತದೋ ಇಲ್ಲವೋ, ಅದನ್ನು ಮಾತ್ರ ಈ ಸಲ ಬರೆಯುವುದಿಲ್ಲ. ಅಮ್ಮನ ಪಟ್ಟಿಯನ್ನು ಪಂದ್ಯದ ದಿನ ನಾನೇ ತಂದುಕೊಡುತ್ತೇನೆ, ಅಮ್ಮನನ್ನೂ ಕರೆತರುತ್ತೇನೆ, ಅವಳೆದುರೇ ಕಟ್ಟಿಕೊಳ್ಳುವೆಯಂತೆ. ನೀನು ಹೋದೆ, ಬಂದೆ, ಮತ್ತೆ ಹೋದೆ. ನಾನು ಅಟ್ಟಿಸಿಕೊಂಡು ಬರುವುದಿಲ್ಲ. ನೀನು ಬಾ.