ಕಸಿಯ ಕೆಳಗಿನ ಚಿಗುರು

ಗುರು,

ಅಮ್ಮ ಹುಷಾರಾಗಿದ್ದಾಳೆ, ವಿಜಯವಾಡದ ಮಾವನ ಮನೆಯಿಂದ ಕರ್ಕೊಂಡು ಬರೋಕೆ ಹೊರಟಿದ್ದೀನಿ. ಅನ್ನ, ಬೇಳೆ ಪಪ್ಪು ಫ್ರಿಜ್ಜಲ್ಲಿದೆ, ಬಿಸಿ ಮಾಡ್ಕೋ.

ಗುಲಾಬಿಗೆ ಇನ್ನು ನೀರು ಹಾಕಬೇಡ. ಸ್ವಲ್ಪ ಸವರು ಅಂತ ನಾನು ಹೇಳಿದ್ರೆ ಕಸಿಯ ಗಂಟಿನ ಕೆಳಗೇ ಕತ್ತರಿಸಿದೀಯ. ಈಗ ಚಿಗುರಿರೋದು ಅಮ್ಮನ ಗುಲಾಬಿ ಅಲ್ಲ, ಅದನ್ನ ಕಸಿ ಕಟ್ಟಿದ್ದ ಬುಡದ ಕಾಡುಗುಲಾಬಿ. ಕಡ್ಡಿಗೊಂದೇ ಹೂ, ಅದೂ ಅಂಗೈಯಗಲ ಬಿಡ್ತಿದ್ದ ಗಿಡ, ಭೀಮಿಲಿಯ ಈ ಉಪ್ಪುಗಾಳೀಲಿ ಅಮ್ಮ ಹನ್ನೊಂದು ವರ್ಷ ಸಾಕಿದ್ದು, ಹೋಯ್ತು.

ನೀನು ಆ ಚಿಗುರಿನ ಫೋಟೋ ಕಳಿಸಿ ‘ಅಮ್ಮಾ, ನಿನ್ನ ಗಿಡ ಬದುಕಿತು’ ಅಂದೆಯಲ್ಲ, ಅವತ್ತು ಅಮ್ಮ ಎರಡು ತುತ್ತು ಹೆಚ್ಚು ಉಂಡಳಂತೆ. ಅದಕ್ಕೇ ನಾನೂ ಬಾಯಿ ಬಿಡಲಿಲ್ಲ.

ನಾಳೆ ಆಟೋ ಇಳಿದವಳೇ ಮೊದಲು ಗಿಡದ ಹತ್ತಿರ ಹೋಗ್ತಾಳೆ. ನೀನು ಅಲ್ಲೇ ನಿಂತಿರು. ನಾನು ಸಾಮಾನು ಇಳಿಸ್ತಾ ಇರ್ತೀನಿ.

ಅಕ್ಕ