ಕುರ್ಚಿಯ ಮೇಲಿನ ಹಲಗೆ

ಸೋಮವಾರ, ತಾರೀಕು ಹದಿನಾಲ್ಕು
ಅಂಗಡಿಯಿಂದ, ಮಧ್ಯಾಹ್ನ

ನನ್ನ ಏಣಿಗೆ,

ಹೀಗೆ ಕರೆದೆ ಅಂತ ಮೊದಲ ಸಾಲಿಗೇ ಕಾಗದ ಮಡಚಿ ಇಡಬೇಡ. ಮದುವೆಯಾದಾಗಿಂದ ಕರೆದು ಕರೆದು ರೂಢಿಯಾದ ಬಾಯಿ ಇದು. ನೀನು ಎರಡು ವರ್ಷ ದೂರ ಇದ್ದೀಯ ಅಂದ ಮಾತ್ರಕ್ಕೆ ಸುಧಾರಿಸುತ್ತದಾ? ನಾನು ಚೆನ್ನಾಗಿದ್ದೇನೆ. ಮಗಳು ಚೆನ್ನಾಗಿದ್ದಾಳೆ. ನಿನ್ನ ಹಾಸ್ಟೆಲ್ಲಿನ ಹುಡುಗಿಯರೂ ಚೆನ್ನಾಗಿರಬೇಕು. ನೀನು ವಾರ್ಡನ್ ಆಗಿರುವ ಕಡೆ ಕಾಯಿಲೆ ಬೀಳುವುದಕ್ಕೂ ಧೈರ್ಯ ಬೇಕು.

ಫೋನಿದ್ದರೂ ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನಾನು ತಮಾಷೆ ಮಾಡುತ್ತೇನೆ, ನೀನು ಇಟ್ಟುಬಿಡುತ್ತೀಯ. ಆಮೇಲೆ ನಾನು ಸುಮ್ಮನೆ ಫೋನು ಕಿವಿಗೆ ಹಿಡಿದುಕೊಂಡು ಇನ್ನೆರಡು ಮಾತಾಡಿ, ಗಿರಾಕಿಗಳ ಮುಂದೆ ಮರ್ಯಾದೆ ಉಳಿಸಿಕೊಳ್ಳುತ್ತೇನೆ. ಕಾಗದವಾದರೆ ನೀನು ನಡುವೆ ಇಡುವುದಕ್ಕಾಗಲ್ಲ. ಇಟ್ಟರೂ ನನಗೆ ಗೊತ್ತಾಗಲ್ಲ. ನನ್ನ ಕಾಗುಣಿತಕ್ಕೆ ನಗಬೇಡ. ಶಾಲೆ ನನ್ನನ್ನು ಬೇಗ ಬಿಟ್ಟಿತು, ನಾನು ಅದನ್ನು ಬಿಟ್ಟಿದ್ದಲ್ಲ.

ಮಗಳು ಎತ್ತರವಾಗುವ ಇಂಜೆಕ್ಷನ್ ವಿಷಯ. ಹಾಕಿಸುತ್ತೀಯಾ ಇಲ್ಲವಾ ಅಂತ ನೀನು ಕೇಳಿದಾಗಲೆಲ್ಲ ನೋಡೋಣ ನೋಡೋಣ ಅಂತಿದ್ದೆ. ಡಾಕ್ಟರಮ್ಮ ಏನು ಹೇಳಿದರು ಅಂತ ಪೂರ್ತಿ ಹೇಳಿಯೂ ಇರಲಿಲ್ಲ. ಈಗ ಕೇಳು. ಮಗಳ ಎಡಗೈ ಎಕ್ಸರೇ ತೆಗೆದರು. ಅವಳಿಗೆ ಹನ್ನೊಂದು, ಅವಳ ಮೂಳೆಗೆ ಇನ್ನೂ ಒಂಬತ್ತಂತೆ. ಮನೆಯಲ್ಲಿ ಎಲ್ಲರಿಗಿಂತ ಮುಂಚೆ ಏಳುವ ಹುಡುಗಿಯ ಮೂಳೆ ಮಾತ್ರ ಸೋಮಾರಿ. ಆಮೇಲೆ ಕೈಗೆ ಸೂಜಿ ಚುಚ್ಚಿ ಇಟ್ಟು, ಒಂದು ಬೆಳಗ್ಗೆಯೆಲ್ಲ ಬಿಟ್ಟು ಬಿಟ್ಟು ರಕ್ತ ತೆಗೆದರು. ಅವಳು ಕಿಟಕಿಯ ಕಡೆ ನೋಡುತ್ತಾ ಕೂತಿದ್ದಳು. ನಾನೇ ಎರಡು ಸಲ ಹೊರಗೆ ಹೋಗಿ ಬಂದೆ.

ಕೊನೆಗೆ ಡಾಕ್ಟರಮ್ಮ ಹೇಳಿದ್ದು ಇಷ್ಟು. ಬೆಳವಣಿಗೆಯ ಹಾರ್ಮೋನು ಇಲ್ಲ ಅಂತೇನಿಲ್ಲ, ಇರಬೇಕಾದ್ದಕ್ಕಿಂತ ತೀರಾ ಕಮ್ಮಿಯೂ ಅಲ್ಲ. ಇದು ಕಾಯಿಲೆ ಅಲ್ಲ. ಬಿಟ್ಟರೆ ನಿಮ್ಮಷ್ಟು ಆಗುತ್ತಾಳೆ. ಇಂಜೆಕ್ಷನ್ ಕೊಟ್ಟರೆ ಮೂರು ಬೆರಳೋ ನಾಲ್ಕು ಬೆರಳೋ ಜಾಸ್ತಿ ಬೆಳೆಯಬಹುದು, ಬೆಳೆಯದೆಯೂ ಇರಬಹುದು. ದಿನಾ ಮಲಗುವ ಮುಂಚೆ ಒಂದು, ವರ್ಷಗಟ್ಟಲೆ. ತಲೆನೋವು, ಕೀಲುನೋವು ಬಂದರೆ ನಿಲ್ಲಿಸಿ ನೋಡಬೇಕು. ಮೂಳೆಯ ತುದಿ ಕೂಡಿಕೊಂಡ ಮೇಲೆ ಕೊಟ್ಟು ಪ್ರಯೋಜನ ಇಲ್ಲ, ಆದ್ದರಿಂದ ಬಹಳ ದಿನ ಯೋಚಿಸುತ್ತಾ ಕೂರಬೇಡಿ. ಖರ್ಚಿಗೆ ಆಸ್ಪತ್ರೆಯವರೇ ಒಂದು ದಾರಿ ಮಾಡಿಕೊಟ್ಟಿದ್ದಾರೆ, ಆ ಚಿಂತೆ ಬಿಡು.

ನಿಮ್ಮಷ್ಟು ಆಗುತ್ತಾಳೆ ಅಂದಾಗ ಅವರು ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿದರು. ನೋಡಿ ಮುಗಿಸಲು ಬಹಳ ಹೊತ್ತೇನೂ ಬೇಕಾಗಲಿಲ್ಲ. ಮೇಡಂ, ನನ್ನಷ್ಟು ಆದರೆ ಬಟ್ಟೆ ಕಮ್ಮಿ ಹಿಡಿಯುತ್ತದೆ, ಲಾಭವೇ ಅಂದೆ. ಅವರು ನಕ್ಕರು. ಮಗಳು ನಗಲಿಲ್ಲ. ಅದನ್ನು ನಾನು ನೋಡಿಯೂ ನೋಡದ ಹಾಗೆ ಎದ್ದು ಬಂದೆ.

ಆಮೇಲೆ ನಿನಗೆ ಹೇಳಿದ ಕಾರಣಗಳೆಲ್ಲ ಇದ್ದವಲ್ಲ: ಚೆನ್ನಾಗಿರುವ ಮಗುವಿಗೆ ಯಾಕೆ ದಿನಾ ಚುಚ್ಚಬೇಕು, ನಾಲ್ಕು ಬೆರಳಿಗೆ ಯಾರಾದರೂ ಇಷ್ಟು ಮಾಡುತ್ತಾರಾ, ನಾನು ಬದುಕಿಲ್ಲವಾ, ನನಗೇನು ಕಮ್ಮಿಯಾಗಿದೆ. ಅವೂ ಸುಳ್ಳಲ್ಲ. ಈಗಲೂ ಯಾರಾದರೂ ಬೇಡ ಅಂದರೆ ನಾನು ಅವರನ್ನು ಬೈಯುವುದಿಲ್ಲ.

ನಿನ್ನೆ ಭಾನುವಾರ. ಅಂಗಡಿ ತುಂಬಿತ್ತು, ಬೆಂಚಿನ ಮೇಲೆ ಜಾಗ ಇರಲಿಲ್ಲ. ಮಗಳು ಒಳಗೆ ಟವಲ್ ಮಡಚುತ್ತಿದ್ದಳು. ಹಾಲಿನವನ ಮಗ ಬಂದ, ಏಳು ವರ್ಷ ಇರಬೇಕು. ಚಿಕ್ಕ ಮಕ್ಕಳು ಬಂದರೆ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ಕೂರಿಸುತ್ತೇನೆ, ನಿನಗೆ ಗೊತ್ತು. ಮಗುವಿನ ತಲೆ ಕನ್ನಡಿಯಲ್ಲಿ ಎಲ್ಲಿಗೆ ಬರುತ್ತದೆ ಅಂತ ನೋಡಿಯೇ ಇನ್ನು ಹಲಗೆ ಬೇಕಾ ಬೇಡವಾ ಅಂತ ಹೇಳಿಬಿಡುತ್ತೇನೆ. ನಿನ್ನೆ ಮಾತ್ರ ನೋಡಲಿಲ್ಲ. ಕೈಯಲ್ಲಿ ಒಂದು ಗಡ್ಡ ಅರ್ಧಕ್ಕೆ ನಿಂತಿತ್ತು. ಹಲಗೆ ಕೊಡಮ್ಮಾ ಅಂತ ಒಳಗೆ ಕೂಗಿದೆ. ಅವಳು ತಂದು ನಿಂತಳು. ಅಷ್ಟರಲ್ಲಿ ಆ ಹುಡುಗ ತಾನೇ ಹತ್ತಿ ಪಕ್ಕದ ಖಾಲಿ ಕುರ್ಚಿಯಲ್ಲಿ ನೆಟ್ಟಗೆ ಕೂತುಬಿಟ್ಟಿದ್ದ.

"ನಂಗೆ ಬೇಡ ಅಂಕಲ್. ಅಕ್ಕಂಗೆ ಇಟ್ಕೊಳ್ಳಿ" ಅಂದ.

ಪಾಪ, ಅವನು ಕೆಟ್ಟ ಹುಡುಗನಲ್ಲ. ಅವಳ ಕೂದಲು ಕತ್ತರಿಸುವಾಗ ನಾನು ಹಲಗೆ ಇಡುವುದನ್ನು ನೋಡಿದ್ದಾನೆ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಕ್ಕಿದ್ದು ಸಾಲದು ಅಂತ, ಇದು ನಮ್ಮ ವಂಶದ ಸಿಂಹಾಸನ ಕಣೋ, ಮೊದಲು ಈ ಮುಕ್ಕಾಲು ಮಹಾರಾಜ ಕೂತಿದ್ದ, ಈಗ ಯುವರಾಣಿ ಅಂದೆ. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ಕು ಕೆಮ್ಮು ಬರುವ ತನಕ ನಕ್ಕ. ಮಗಳು ಹಲಗೆಯನ್ನು ಮೆತ್ತಗೆ ಗೋಡೆಗೆ ಒರಗಿಸಿ, ಉಳಿದ ಟವಲ್ ಮಡಚಿ ಮುಗಿಸಿ, ಚಪ್ಪಲಿ ಹಾಕಿಕೊಂಡು ಮನೆಗೆ ಹೋದಳು. ಅರ್ಧಕ್ಕೇ ಬಿಟ್ಟು ಹೋಗಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಅಂಗಡಿ ಬೇಗ ಮುಚ್ಚಿ ಮನೆಗೆ ಹೋದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಯುವರಾಣಿಯವರು ಕೋಪಗೃಹದಲ್ಲಿದ್ದಾರಾ ಅಂತ ಶುರು ಮಾಡಿದೆ. ಅವಳು ನಲ್ಲಿ ನಿಲ್ಲಿಸಿದಳು.

"ಅಪ್ಪ, ಚಿಕ್ಕವನಿದ್ದಾಗ ನಿಂಗೆ ಈ ಇಂಜೆಕ್ಷನ್ ಕೊಡ್ತೀವಿ ಅಂದಿದ್ರೆ ಹಾಕಿಸ್ಕೊಳ್ತಿದ್ಯಾ?"

ನಂಗ್ಯಾಕೆ, ನಾನು ಹಾಕಿಸಿಕೊಂಡಿದ್ದರೆ ನಿಮ್ಮಮ್ಮನಿಗೆ ಕತ್ತು ಬಗ್ಗಿಸುವ ವ್ಯಾಯಾಮ ತಪ್ಪಿಹೋಗುತ್ತಿತ್ತು ಅಂತ ಹೇಳುತ್ತಿದ್ದೆ. ಬಾಯಿ ತೆರೆದೂ ಆಗಿತ್ತು.

"ತಮಾಷೆ ಬೇಡ" ಅಂದಳು. ಅದೇ ಧಾಟಿ. ನೀನೇ ಬಂದು ನಿಂತ ಹಾಗಾಯ್ತು.

ನೋಡು, ಊರಿನ ಅರ್ಧ ಜನ ನನ್ನ ಎತ್ತರದ ಮೇಲೆ ನಕ್ಕಿರಬೇಕು, ನಗಿಸಿದವನು ನಾನೇ. ಬೇರೆಯವರು ಅನ್ನುವ ಮೊದಲೇ ನಾನು ಅಂದುಬಿಟ್ಟರೆ ಅವರಿಗೆ ಅನ್ನುವುದಕ್ಕೆ ಏನೂ ಉಳಿಯುವುದಿಲ್ಲ. ಕುರ್ಚಿಯ ಹಿಂದೆ ಮಣೆ ಹಾಕಿ ನಿಂತು ಕತ್ತರಿ ಹಿಡಿಯುವ ಮನುಷ್ಯ ಬೇರೆ ಏನು ಮಾಡಬೇಕು? ಹೀಗೇ ನಡೆಸಿಕೊಂಡು ಬಂದೆ. ಆದರೆ ಅವಳು ಕೇಳಿದ್ದು ಅದಲ್ಲ.

"ಹಾಕಿಸ್ಕೊಳ್ತಿದ್ದೆ" ಅಂದೆ.

ಇದನ್ನು ನಾನು ಯಾರಿಗೂ ಹೇಳಿದವನಲ್ಲ. ನಿನಗೂ ಇಲ್ಲ. ಬಾಯಿಂದ ಬಂದ ಮೇಲೆ ನನಗೇ ಆಶ್ಚರ್ಯ ಆಯ್ತು. ಹಾಗಾದರೆ ನನಗೆ ಯಾಕೆ ಬೇಡ ಅಂತೀಯ ಅಂತ ಕೇಳಿದಳು. ಒದ್ದೆ ಕೈ ಹಾಗೇ ಹಿಡಿದುಕೊಂಡು ಕಾದಳು. ನಾನು ತೊಳೆದ ಪಾತ್ರೆ ಒರೆಸತೊಡಗಿದೆ. ಅವಳಿಗೆ ಕೊಡಲಾಗದ ಉತ್ತರ ನಿನಗೆ ಬರೆಯುತ್ತೇನೆ.

ನೀನು ಹೋದ ಮೇಲೆ ಈ ಮನೆಯಲ್ಲಿ ಎಲ್ಲ ಒಂದು ಗೇಣು ಕೆಳಗೆ ಇಳಿದಿದೆ. ಕನ್ನಡಿ ಇಳಿಸಿದೆ. ಬಟ್ಟೆ ನೇತುಹಾಕುವ ಮೊಳೆ ಇಳಿಸಿದೆ. ಡಬ್ಬಿಗಳ ಶೆಲ್ಫು ಇಳಿಸಿದೆ. ಮೇಲಿನ ಗೂಡಿನಲ್ಲಿ ಏನಿದೆ ಅಂತ ನಮ್ಮಿಬ್ಬರಿಗೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಈ ಲೋಕದಲ್ಲಿ ಕತ್ತು ಎತ್ತದೆ ನಾನು ಮಾತಾಡುವ ಮನುಷ್ಯ ಅವಳೊಬ್ಬಳೇ. ಇನ್ನು ಸ್ವಲ್ಪ ದಿನಕ್ಕೆ ಅವಳ ಕಣ್ಣು ನನ್ನ ಕಣ್ಣಿಗೆ ಸರಿಯಾಗುತ್ತದೆ, ಅಲ್ಲಿಗೇ ನಿಲ್ಲಲಿ ಅಂತ ನನ್ನ ಆಸೆ. ಅವಳೂ ಮೇಲೆ ಹೋಗಿಬಿಟ್ಟರೆ ಕೆಳಗೆ ನಾನೊಬ್ಬನೇ. ನಾಲ್ಕು ಬೆರಳು ಅಂದರೆ ಏನು ದೊಡ್ಡದು ಅಂತ ನಿನಗೆ ವಾದಿಸಿದವನು ನಾನೇ. ಒಳಗೊಳಗೆ ಆ ನಾಲ್ಕು ಬೆರಳಿಗೇ ಹೆದರಿದ್ದೆ. ಮಗಳಿಗೆ ಸೂಜಿ ನೋಯುತ್ತದೆ ಅನ್ನುವುದು ಆಮೇಲಿನ ಮಾತು.

ಇವತ್ತು ಬೆಳಗ್ಗೆ ಶಾಲೆಗೆ ಹೊರಟಾಗ ಅವಳ ಜಡೆ ಹಾಕುತ್ತಾ, ಆಯ್ತು, ಹಾಕಿಸೋಣ ಅಂದೆ. ಅವಳು ಕುಣಿಯುತ್ತಾಳೆ ಅಂದುಕೊಂಡಿದ್ದೆ. ಒಂದು ವರ್ಷ ನೋಡೋಣ, ಆಮೇಲೆ ಬೇಡ ಅನ್ನಿಸಿದರೆ ನಾನೇ ಹೇಳುತ್ತೇನೆ, ಡಾಕ್ಟರ್ ಹೇಳೋದಲ್ಲ ಅಂದಳು. ವಾರ್ಡನ್ ಮಗಳು. ಬಾಗಿಲ ತನಕ ಹೋಗಿ ತಿರುಗಿ ನಿಂತು ಇನ್ನೊಂದು ಹೇಳಿದಳು.

"ನಾನು ಬೆಳೀದೆ ಇದ್ರೂ ಪರವಾಗಿಲ್ಲ ಅಪ್ಪ. ನಿನ್ನ ಮೇಲೆ ಎಷ್ಟು ಬೇಕಾದ್ರೂ ತಮಾಷೆ ಮಾಡ್ಕೋ. ನನ್ನ ಮೇಲೆ ಮಾಡ್ಬೇಡ."

ಆಗಲಿ ಅಂದೆ. ಬೆಳಗ್ಗೆಯಿಂದ ಅಂಗಡಿಯಲ್ಲಿ ಮಾತೇ ಆಡಿಲ್ಲ. ಮೆಕ್ಯಾನಿಕ್ಕು ಬಂದು, ಏನಪ್ಪಾ ಮುಕ್ಕಾಲು, ಹಲ್ಲುನೋವಾ ಅಂತ ಕೇಳಿಕೊಂಡು ಹೋದ. ಹೌದು ಅಂದೆ.

ಅಂಗಡಿ ತೆರೆಯುವ ಮುಂಚೆಯೇ ಆಸ್ಪತ್ರೆಗೆ ಹೋಗಿ ಹೇಳಿ ಬಂದೆ, ಗುರುವಾರ ಹತ್ತು ಗಂಟೆಗೆ ಬರಬೇಕಂತೆ. ಪೆನ್ನಿನ ಹಾಗೆ ಇರುತ್ತದಂತೆ, ತೊಡೆಗೆ ಹೇಗೆ ಕೊಡಬೇಕು ಅಂತ ನರ್ಸಮ್ಮ ಕಲಿಸಿಕೊಡುತ್ತಾರೆ. ತಂದೆ ತಾಯಿ ಇಬ್ಬರೂ ಬಂದು ಕಲಿಯಲೇಬೇಕಂತೆ, ಒಬ್ಬರೇ ಬಂದರೆ ಶುರು ಮಾಡುವುದಿಲ್ಲವಂತೆ. ಅವರ ನಿಯಮ, ನಾನೇನು ಮಾಡಲಿ. ಆದ್ದರಿಂದ ಬುಧವಾರ ಸಂಜೆಯ ಬಸ್ಸಿಗೇ ಬಂದುಬಿಡು. ಒಂದು ದಿನದ ಮಟ್ಟಿಗೆ. ತಡವಾಗಬಾರದು ಅಂತ ಈ ಕಾಗದವನ್ನು ಇವತ್ತಿನ ಬಸ್ಸಿನ ಕಂಡಕ್ಟರ್ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ನೀನು ಹಾಸಿಗೆಯಲ್ಲಿ ಮಲಗು, ನಾನು ಅಂಗಡಿಯ ಬೆಂಚಿನ ಮೇಲೆ ಮಲಗುತ್ತೇನೆ. ಕಾಲು ಹೊರಗೆ ಬರುವ ತೊಂದರೆ ನನಗಿಲ್ಲ.

ಇಂತಿ,
ಕತ್ತು ಎತ್ತಿ ದಾರಿ ನೋಡುತ್ತಿರುವ
ಮುಕ್ಕಾಲು

ತಾ.ಕ.: ಆಸ್ಪತ್ರೆಯಲ್ಲಿ ಅಂಥ ನಿಯಮ ಏನೂ ಇಲ್ಲ. ಒಬ್ಬರು ಕಲಿತರೆ ಸಾಕು ಅಂತಲೇ ನರ್ಸಮ್ಮ ಹೇಳಿದ್ದು, ನಾನು ಕಲಿಯುತ್ತೇನೆ ಅಂತ ಹೇಳಿಯೂ ಬಂದಿದ್ದೇನೆ. ಮೇಲೆ ಬರೆದದ್ದನ್ನು ಹೊಡೆದು ಹಾಕೋಣ ಅಂತ ಪೆನ್ನು ಎತ್ತಿದೆ, ಕೈ ಬರಲಿಲ್ಲ. ನೀನು ಬಾರದಿದ್ದರೂ ಗುರುವಾರ ಶುರು ಮಾಡುತ್ತೇನೆ, ಮಗಳ ಕೆಲಸ ನಿಲ್ಲುವುದಿಲ್ಲ. ಅವಳಿಗೆ ಒಬ್ಬರು ಸಾಕು. ನನಗೇ ಸಾಲುತ್ತಿಲ್ಲ.